ಹತ್ತರಿಂದ ಭಾಗಿಸಬಾರದ ಚೂರು

ಈ ಭೂಮಿಯ ಮೇಲೆ ಕಣ್ಣನ್ನು ನನ್ನಷ್ಟು ತೆಳ್ಳಗೆ ಕತ್ತರಿಸುವವರು ಇನ್ನೊಬ್ಬರಿಲ್ಲ. ಇದ್ದರೆ ಬರಲಿ, ನೋಡಿಯೇ ಬಿಡೋಣ. ಮೂವತ್ತೊಂದು ವರ್ಷದಿಂದ ಕಣ್ಣಾಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಕೂತಿದ್ದೇನೆ. ಮೇಲಿನ ಮಹಡಿಯಲ್ಲಿ ಡಾಕ್ಟರುಗಳು ರೆಪ್ಪೆಯ ಗಂಟು ತೆಗೆಯಲಿ, ಗೆಡ್ಡೆಯ ಚೂರು ತೆಗೆಯಲಿ, ಇಡೀ ಕಣ್ಣುಗುಡ್ಡೆಯನ್ನೇ ತೆಗೆಯಲಿ, ಅದು ಡಬ್ಬಿಯಲ್ಲಿ ಕೂತು, ಲಿಫ್ಟಿನಲ್ಲಿ ಇಳಿದು, ನನ್ನ ಮೇಜಿಗೆ ಬರಲೇಬೇಕು. ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಮೈಕ್ರೋಟೋಮ್ ಎಂಬ ಕತ್ತರಿಸುವ ಯಂತ್ರದ ಚಕ್ರ ತಿರುಗಿಸಿದೆನೆಂದರೆ, ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ತೆಳುವಾದ ಪದರ ಹೊರಬರುತ್ತದೆ. ಇದು ಉಳಿದವರ ಲೆಕ್ಕ. ನನ್ನ ಲೆಕ್ಕ ಬೇರೆ. ಒಮ್ಮೆ ನಾನು ತೆಗೆದ ಪದರ ಎಷ್ಟು ತೆಳ್ಳಗಿತ್ತೆಂದರೆ ಅದಕ್ಕೆ ಒಂದೇ ಮಗ್ಗುಲಿತ್ತು. ಮಗುಚಿ ಹಾಕೋಣವೆಂದರೆ ಇನ್ನೊಂದು ಮಗ್ಗುಲೇ ಸಿಗಲಿಲ್ಲ.

ಇಂಥ ಮಾತುಗಳಿಂದಾಗಿಯೇ ಲ್ಯಾಬಿನಲ್ಲಿ ನನಗೆ ಹತ್ತುಪಟ್ಟಕ್ಕ ಅಂತ ಹೆಸರು ಬಿದ್ದಿದೆ. ನಾನು ಏನು ಹೇಳಿದರೂ ಹತ್ತರಿಂದ ಭಾಗಿಸಿಕೊಳ್ಳಬೇಕಂತೆ. ಇವತ್ತು ನೂರು ಸ್ಲೈಡು ಮಾಡಿದೆ ಎಂದರೆ ಹತ್ತು ಅಂದುಕೊಳ್ಳುತ್ತಾರೆ. ನಿಜವಾಗಿ ಮಾಡಿರುವುದು ಹನ್ನೆರಡು, ಆ ಎರಡು ಸ್ಲೈಡಿನ ಅನ್ಯಾಯವನ್ನು ಯಾರೂ ಕೇಳುವುದಿಲ್ಲ. ಅಲ್ಲ ಸ್ವಾಮಿ, ಮೈಕ್ರೋಸ್ಕೋಪು ನಾನೂರು ಪಟ್ಟು ಉಬ್ಬಿಸಿ ಹೇಳುತ್ತದೆ. ಅದರ ಮುಂದೆ ಎಂಥೆಂಥ ಡಾಕ್ಟರುಗಳೂ ತಲೆ ಬಗ್ಗಿಸಿ ಕೂರುತ್ತಾರೆ. ನಾನು ಬರೀ ಹತ್ತು ಪಟ್ಟು. ನನ್ನನ್ನು ಕಂಡರೆ ನಗು!

ಮನೆಯಲ್ಲೂ ಸುಖವಿಲ್ಲ. ನಮ್ಮ ಯಜಮಾನರು ವೇಬ್ರಿಡ್ಜಿನಲ್ಲಿ ಲಾರಿ ತೂಗುವವರು. ಸ್ವಲ್ಪ, ಸುಮಾರು, ಒಂದಿಷ್ಟು ಎಂಬ ಮಾತುಗಳು ಅವರ ಬಾಯಿಂದ ಬಂದಿದ್ದನ್ನು ನಾನು ಕೇಳಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದರೆ ಗ್ರಾಮಿನಲ್ಲಿ ಹೇಳುತ್ತಾರೆ. ನಾನು "ಸಾವಿರ ಸಲ ಹೇಳಿದ್ದೀನಿ ರೀ" ಎಂದು ಕೂಗಿದರೆ, "ನಾಲ್ಕು ಸಲ ಕಣೇ" ಎಂದು ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ. ದೇವರು ಜೋಡಿ ಮಾಡುವಾಗ ಬೇಕಂತಲೇ ಚೇಷ್ಟೆ ಮಾಡಿದ್ದಾನೆ.

ಲ್ಯಾಬಿನ ಮುಖ್ಯಸ್ಥರೆಂದರೆ ದೊಡ್ಡ ಡಾಕ್ಟರು. ನಾನು ಕತ್ತರಿಸಿ ಬಣ್ಣ ಹಚ್ಚಿದ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ಓದಿ, ಇದು ಬರೀ ಮಚ್ಚೆ, ಇದು ಕ್ಯಾನ್ಸರು ಎಂದು ವರದಿ ಬರೆಯುವವರು ಅವರು. ಒಳ್ಳೆಯ ಮನುಷ್ಯ, ಓದಿನಲ್ಲಿ ಸಮುದ್ರ. ಆದರೆ ಅವರಿಗೆ ಒಂದು ಹುಚ್ಚು. ಅವರ ಕೋಣೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಂದು ದಪ್ಪ ಪುಸ್ತಕವಿತ್ತು. ಲ್ಯಾಬಿನಲ್ಲಿ ಏನಾದರೂ ತಪ್ಪು ನಡೆದರೆ ಅದರಲ್ಲಿ ಬರೆಯಬೇಕು. ಹನ್ನೊಂದು ವರ್ಷದಿಂದ ಅದು ಖಾಲಿ. ಬಂದ ಅತಿಥಿಗಳ ಮುಂದೆ ಅದರ ಬಿಳಿ ಹಾಳೆಗಳನ್ನು ಒಂದೊಂದಾಗಿ ತಿರುವಿ ತೋರಿಸುತ್ತಿದ್ದರು, ಮೊಮ್ಮಗನ ಫೋಟೋ ಆಲ್ಬಮ್ ತೋರಿಸುವ ಹಾಗೆ.

ಸೋಮವಾರ ಮಧ್ಯಾಹ್ನ ಮೂರು ಗಂಟೆ. ದೊಡ್ಡ ಡಾಕ್ಟರು ಮೇಲೆ ಮೀಟಿಂಗಿಗೆ ಹೋಗಿದ್ದರು. ಲ್ಯಾಬಿನಲ್ಲಿ ನಾನು, ಮತ್ತು ಗಾಜಿನ ಸಾಮಾನು ತೊಳೆಯುವ ಚಿಕ್ಕಮ್ಮ. ಇಡೀ ಆಸ್ಪತ್ರೆ ಅವಳನ್ನು ಕರೆಯುವುದು ಚಿಕ್ಕಮ್ಮ ಅಂತಲೇ, ದೊಡ್ಡ ಡಾಕ್ಟರೂ ಸೇರಿ. ಬಾಗಿಲು ಧಡಾರನೆ ತೆರೆಯಿತು. ಆಸ್ಪತ್ರೆಯ ಹಸಿರು ನಿಲುವಂಗಿ, ಅದರ ಕೆಳಗೆ ಕಬ್ಬಿಣದ ಮೂತಿಯ ಬೂಟು ಹಾಕಿಕೊಂಡಿದ್ದ ಹೆಂಗಸು ನಿಂತಿದ್ದಳು. ಎಂಟಡಿ ಎತ್ತರ ಇದ್ದಿರಬೇಕು. ಎಡಗಣ್ಣು ಕೆಂಪಗಿತ್ತು.

"ಯಾರ್ರೀ ಇಲ್ಲಿ ಕಣ್ಣು ಕತ್ತರಿಸೋರು?"

"ಬೋರ್ಡು ನೋಡಮ್ಮಾ. ಹೊರಗಿನವರಿಗೆ ಪ್ರವೇಶ ಇಲ್ಲ," ಎಂದಳು ಚಿಕ್ಕಮ್ಮ.

"ನೋಡ್ದೆ. ನಾನು ಹೊರಗಿನವಳಲ್ಲ. ನನ್ನ ಚೂರು ಒಳಗಿದೆ."

ಈ ಮಾತು ಕೇಳಿದ ಕ್ಷಣವೇ ಅವಳು ನನಗೆ ಇಷ್ಟವಾಗಿಬಿಟ್ಟಳು. ಕುರ್ಚಿ ಎಳೆದು ಕೂರಿಸಿದೆ. ಅವಳು ಬಂದರಿನಲ್ಲಿ ಕ್ರೇನ್ ನಡೆಸುವವಳು. ಹತ್ತೊಂಬತ್ತು ವರ್ಷದಿಂದ ನಲವತ್ತು ಟನ್ನಿನ ಕಂಟೇನರುಗಳನ್ನು ಹಡಗಿನಿಂದ ಎತ್ತಿ ನೆಲಕ್ಕಿಡುವುದು ಅವಳ ಕೆಲಸ. ಕೆಲಸದ ಜಾಗದಲ್ಲಿ ಕ್ರೇನಮ್ಮ ಅಂತ ಕರೆಯುತ್ತಾರಂತೆ. ಎಡಗಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಕಪ್ಪು ಗಂಟೊಂದು ಎದ್ದಿತ್ತು. ಹೋದ ವಾರ ಅದರಿಂದ ಸಣ್ಣ ಚೂರು ತೆಗೆದು ನಮಗೆ ಕಳಿಸಿದ್ದರು. ಮಚ್ಚೆಯ ಜತೆಗೆ ಕ್ಯಾನ್ಸರಿನ ಕೋಶಗಳಿವೆ ಎಂದು ದೊಡ್ಡ ಡಾಕ್ಟರು ವರದಿ ಕೊಟ್ಟಿದ್ದರು. ಗಂಟು ಪರದೆಯ ಸುತ್ತ ಹಬ್ಬಿರುವುದರಿಂದ ಕಣ್ಣನ್ನೇ ತೆಗೆಯಬೇಕು, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ.

"ಒಂದು ಕಣ್ಣಲ್ಲಿ ಆಳ ಗೊತ್ತಾಗಲ್ಲ ಅಂತ ಕ್ರೇನ್ ಕೊಡಲ್ಲ ಅಕ್ಕಾ. ಕಣ್ಣು ಹೋದ್ರೆ ಕ್ಯಾಬಿನ್ನೂ ಹೋಯ್ತು," ಎಂದಳು. "ಹೋಗ್ಲಿ, ಕ್ಯಾನ್ಸರೇ ಆದ್ರೆ ಕಿತ್ಕೊಳ್ಳಲಿ. ನನಗೆ ಬದುಕ್ಬೇಕು, ನಾನೇನು ಅಳ್ತಾ ಕೂರೋಳಲ್ಲ. ಆದ್ರೆ ಕಣ್ಣಾರೆ ನೋಡದೆ ಒಂದು ಲೋಡನ್ನೂ ನಾನು ಇವತ್ತಿನವರೆಗೆ ಎತ್ತಿಲ್ಲ. ಸಹಿ ಹಾಕು ಸಹಿ ಹಾಕು ಅಂತ ಮೂರು ಸಲ ಫಾರ್ಮ್ ತಂದ್ರು. ಮೊದಲು ಲೋಡು ತೋರಿಸಿ ಅಂದೆ. ಹಾಗೆಲ್ಲ ತೋರಿಸೋಕಾಗಲ್ಲ ಅಂದ್ರು. ಯಾಕಾಗಲ್ಲ? ಕಣ್ಣು ಯಾರದು?"

"ಬೇಡ ಕಣೇ," ಎಂದು ಚಿಕ್ಕಮ್ಮ ನನ್ನ ಕಡೆ ಕಣ್ಣು ಬಿಟ್ಟಳು. "ದೊಡ್ಡೋರು ಬಂದ್ರೆ ಇಬ್ಬರ ಚರ್ಮಾನೂ ಸುಲೀತಾರೆ."

ಬೇಡ ಎಂದ ಮೇಲೆ ಮಾಡದಿರಲು ನನ್ನಿಂದಾಗುತ್ತದೆಯೇ? ಅವಳ ಸ್ಲೈಡು ತೆಗೆದು ಮೈಕ್ರೋಸ್ಕೋಪಿಗೆ ಇಟ್ಟೆ. ನನ್ನ ಪ್ರವಚನ ಶುರುವಾಯಿತು. ಈ ಪ್ರಪಂಚದಲ್ಲೇ ಇಷ್ಟು ಚೆನ್ನಾಗಿ ಕತ್ತರಿಸಿದ ಕಣ್ಣಿಲ್ಲ, ಈ ಸ್ಲೈಡನ್ನು ಅರಮನೆಯಲ್ಲಿ ತೂಗುಹಾಕಬೇಕು, ಇಲ್ಲಿ ಗುಂಡಗೆ, ಕಂದು ಬಣ್ಣದಲ್ಲಿ ಕಾಣುವುದೆಲ್ಲ ಸಾಧು ಕೋಶಗಳು, ಬರೀ ಮಚ್ಚೆ, ಆ ಮೂಲೆಯಲ್ಲಿ ಅಡ್ಡಾದಿಡ್ಡಿ ನಿಂತಿರುವ ಸಣ್ಣ ಚೂರೇ ರಾಕ್ಷಸ. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು.

"ಪಕ್ಕದಲ್ಲಿರೋ ಈ ಗಾಲಿ ಏನು?"

"ಫೋಕಸ್ಸು. ಮೆಲ್ಲಗೆ ತಿರುಗಿಸು, ಹಿಂಡಬೇಡ. ಅದು ಕ್ರೇನಲ್ಲ."

ಅವಳು ತಿರುಗಿಸಿದ ರೀತಿ ನೋಡಿ ನನ್ನ ಮಾತು ಅರ್ಧಕ್ಕೇ ನಿಂತಿತು. ಆ ದಪ್ಪ ಬೆರಳುಗಳು ಗಾಲಿಯನ್ನು ಕೂದಲಷ್ಟು ಮುಂದಕ್ಕೆ, ಕೂದಲಷ್ಟು ಹಿಂದಕ್ಕೆ ಆಡಿಸಿದವು. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ.

"ಅಕ್ಕಾ," ಎಂದಳು. "ಇದು ಒಂದೇ ಲೋಡಲ್ಲ."

"ಏನು ಹಾಗಂದ್ರೆ?"

"ಕೆಳಗಿಂದು ನಿಚ್ಚಳ ಆದಾಗ ನಿಮ್ಮ ರಾಕ್ಷಸ ಮಸುಕು. ರಾಕ್ಷಸ ನಿಚ್ಚಳ ಆದಾಗ ಕೆಳಗಿಂದು ಮಸುಕು. ಅದು ಮೇಲೆ ಕೂತಿದೆ. ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆ ಥರ. ದಿನಾ ಎಂಬತ್ತಡಿ ಮೇಲಿಂದ ಇದನ್ನೇ ನೋಡ್ತೀನಿ, ಯಾವುದು ನೆಲದ ಮೇಲಿದೆ, ಯಾವುದು ಇನ್ನೊಂದರ ತಲೆ ಮೇಲಿದೆ ಅಂತ. ಈ ಚೂರು ನಂದಲ್ಲ. ಯಾರೋ ತಂದಿಟ್ಟಿದ್ದಾರೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಅವಳನ್ನು ಸರಿಸಿ ಕಣ್ಣಿಟ್ಟೆ. ಗಾಲಿ ತಿರುಗಿಸಿದೆ. ನಗುವುದನ್ನು ನಿಲ್ಲಿಸಿ ಇನ್ನೊಮ್ಮೆ ತಿರುಗಿಸಿದೆ.

ಈಗ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಯಂತ್ರದಿಂದ ಬರುವ ಪದರ ಸುಕ್ಕುಸುಕ್ಕಾಗಿರುತ್ತದೆ. ಅದನ್ನು ತಟ್ಟೆಯಲ್ಲಿರುವ ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಹರಡಿಕೊಳ್ಳುತ್ತದೆ, ಆಗ ಗಾಜಿನ ಸ್ಲೈಡನ್ನು ಕೆಳಗಿಟ್ಟು ಮೇಲೆತ್ತಿಕೊಳ್ಳುತ್ತೇವೆ. ಎಲ್ಲ ರೋಗಿಗಳ ಪದರಗಳೂ ತೇಲುವುದು ಅದೇ ನೀರಿನಲ್ಲಿ. ಒಬ್ಬರದು ಮುಗಿದ ಕೂಡಲೇ ಕಾಗದದ ಪಟ್ಟಿಯೊಂದನ್ನು ನೀರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಎಳೆಯಬೇಕು. ಉಳಿದ ಚೂರುಪಾರು ಕಾಗದಕ್ಕೆ ಅಂಟಿ ಬರುತ್ತದೆ. ಎಳೆಯದಿದ್ದರೆ ಒಬ್ಬರ ಚೂರು ಇನ್ನೊಬ್ಬರ ಸ್ಲೈಡು ಹತ್ತುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ ಇದು. ಊಟ ಮರೆತೇನು, ಮದುವೆಯಾದ ದಿನ ಮರೆತೇನು, ಕಾಗದ ಎಳೆಯುವುದನ್ನು ಮರೆಯಲಾರೆ ಎಂದು ನಾನೇ ಲಕ್ಷ ಸಲ ಜಂಬ ಕೊಚ್ಚಿದ್ದೆ.

"ಚಿಕ್ಕಮ್ಮಾ," ಎಂದೆ, ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಹೋದ ಗುರುವಾರ ಬೆಳಿಗ್ಗೆ ಇದನ್ನ ಕತ್ತರಿಸುವಾಗ ನಾನು ನಿನಗೆ ಕತೆ ಹೇಳ್ತಿದ್ದೆ ಅಲ್ವಾ?"

"ಒಂದೇ ಮಗ್ಗುಲಿನ ಪದರದ್ದಾ? ಹೇಳ್ತಿದ್ದೆ. ನೂರನೇ ಸಲ."

"ಆವಾಗ ನನ್ನ ಕೈಯಲ್ಲಿ ಕಾಗದದ ಪಟ್ಟಿ ಇತ್ತಾ?"

"ಇತ್ತಲ್ಲ. ಪದರ ಇಷ್ಟು ತೆಳ್ಳಗಿತ್ತು, ಹೀಗೆ ಹಾರ್ತಿತ್ತು ಅಂತ ಅದನ್ನೇ ಗಾಳೀಲಿ ಆಡಿಸಿ ತೋರಿಸ್ತಿದ್ದೆ. ಆಮೇಲೆ ಬುಟ್ಟಿಗೆ ಎಸೆದೆ."

ಗಾಳಿಯಲ್ಲಿ ಆಡಿಸಿದೆ, ಬುಟ್ಟಿಗೆ ಎಸೆದೆ, ನೀರಿನ ಮೇಲೆ ಎಳೆಯಲಿಲ್ಲ. ಅವತ್ತು ಕ್ರೇನಮ್ಮನಿಗಿಂತ ಮುಂಚೆ ಕತ್ತರಿಸಿದ್ದು ಒಬ್ಬ ತಾತನ ಕಣ್ಣು. ಅದರಲ್ಲಿದ್ದದ್ದು ನಿಜವಾದ ಕ್ಯಾನ್ಸರು, ಸಂಶಯವೇ ಇರಲಿಲ್ಲ. ಟ್ರೇಯಿಂದ ತಾತನ ಸ್ಲೈಡು ತೆಗೆದು ನೋಡಿದೆ. ಗೆಡ್ಡೆಯ ಅಂಚಿನಲ್ಲಿ ಒಂದು ಹರುಕು. ಇಲಿ ಕಚ್ಚಿದ ಹಾಗೆ ಸಣ್ಣ ಜಾಗ ಖಾಲಿ.

"ಏನಕ್ಕಾ, ಬೆವರ್ತಿದ್ದೀರಿ?" ಎಂದಳು ಕ್ರೇನಮ್ಮ.

ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ಅವಳು ಆಗಲೇ ಅರ್ಧ ಕಂಡುಹಿಡಿದಿದ್ದಳು. ಇದ್ದದ್ದನ್ನು ಇದ್ದಷ್ಟೇ ಹೇಳಿದೆ.

ಅವಳು ಬೈಯುತ್ತಾಳೆ, ಕುತ್ತಿಗೆ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಬೂಟು ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತಳು. "ಖಂಡಿತಾನಾ?"

"ತೊಂಬತ್ತೊಂಬತ್ತು ಪಾಲು."

"ಆ ಒಂದು ಪಾಲು ನನ್ನ ಜೀವ ಅಕ್ಕಾ. ನಾಳೆ ಹನ್ನೊಂದರವರೆಗೆ ಕಾಯ್ತೀನಿ. ಡಾಕ್ಟರ ಬಾಯಲ್ಲಿ ಕೇಳಬೇಕು, ನಿಮ್ಮ ಬಾಯಲ್ಲಲ್ಲ. ಅವರು ಇದು ಕ್ಯಾನ್ಸರೇ ಅಂದ್ರೆ ಸಹಿ ಹಾಕಿಬಿಡ್ತೀನಿ. ನನ್ನಮ್ಮ ಮೇಲೆ ವಾರ್ಡಿನಲ್ಲಿ ಅಳ್ತಾ ಕೂತಿದ್ದಾಳೆ, ಅವಳಿಗೆ ಮಗಳು ಬೇಕು, ಕ್ರೇನಲ್ಲ."

ನಾಲ್ಕೂವರೆಗೆ ದೊಡ್ಡ ಡಾಕ್ಟರು ಬಂದರು. ಬಾಗಿಲಲ್ಲೇ ಹಿಡಿದೆ. ಇಲ್ಲೇ ನಾನು ಎಡವಿದ್ದು. ಗಾಬರಿಯಲ್ಲಿ ನನ್ನ ನಾಲಿಗೆ ತನ್ನ ಹಳೆಯ ಚಾಳಿಗೆ ಬಿತ್ತು. ಘೋರ ಅನಾಹುತವಾಗಿದೆ ಸರ್, ತಟ್ಟೆಯ ತುಂಬ ತಾತನ ಕಣ್ಣು ತೇಲುತ್ತಿತ್ತು, ಬೆಟ್ಟದಷ್ಟು ದೊಡ್ಡ ಚೂರು ಹೋಗಿ ಕ್ರೇನಮ್ಮನ ಸ್ಲೈಡಿನ ಮೇಲೆ ಕೂತಿದೆ, ಕುರುಡನಿಗೂ ಕಾಣುತ್ತದೆ ಎಂದೆಲ್ಲ ಒದರಿದೆ.

ಅವರು ಕನ್ನಡಕ ಒರೆಸಿಕೊಂಡರು. "ಬೆಟ್ಟದಷ್ಟು?"

"ಹೂಂ ಸರ್."

"ಹತ್ತರಿಂದ ಭಾಗಿಸಿದ್ರೆ ಗುಡ್ಡ. ಇನ್ನೊಂದು ಸಲ ಭಾಗಿಸಿದ್ರೆ ಏನೂ ಇಲ್ಲ." ಚಿಕ್ಕಮ್ಮ ಕೂಡ ಅಂಥ ಹೊತ್ತಿನಲ್ಲೂ ಕಿಸಕ್ಕೆಂದಳು. "ಅಮ್ಮಾ, ನಾನು ಆ ಸ್ಲೈಡು ನೋಡಿದ್ದೀನಿ. ಪದರ ಒಂದು ಕಡೆ ಮಡಚಿಕೊಂಡಿದೆ, ಅದಕ್ಕೇ ಮೇಲೆ ಕಾಣುತ್ತೆ. ಮಚ್ಚೆ ಕೆಟ್ಟು ಕ್ಯಾನ್ಸರ್ ಆಗೋದು ಹೊಸದೇನಲ್ಲ. ನಮ್ಮ ಲ್ಯಾಬಿನಲ್ಲಿ ಚೂರು ತೇಲಿ ಹೋಗೋದು ಅಂದ್ರೇನು? ಹನ್ನೊಂದು ವರ್ಷದಲ್ಲಿ ಆಗದೇ ಇರೋದು?"

"ಅದೇ ಅಚ್ಚಿನಿಂದ ಇನ್ನೂ ಆಳಕ್ಕೆ ಕತ್ತರಿಸಿ ಕೊಡ್ಲಾ ಸರ್?"

"ಕೊಡಿ. ಅದರಲ್ಲಿ ಇಲ್ಲದಿದ್ರೂ ಏನೂ ಸಾಬೀತಾಗಲ್ಲ. ಚಿಕ್ಕ ಚೂರು, ಮೊದಲ ಪದರಗಳಲ್ಲೇ ಮುಗಿದುಹೋಗಿರುತ್ತೆ. ಅನುಮಾನದ ಮೇಲೆ ಕ್ಯಾನ್ಸರನ್ನ ಕಣ್ಣಲ್ಲೇ ಬಿಟ್ಟು ಕಳಿಸಿದ್ರೆ, ನಾಳೆ ಅವಳು ಸತ್ರೆ, ನೀವು ಉತ್ತರ ಕೊಡ್ತೀರಾ?"

ಆ ಪ್ರಶ್ನೆ ಸುಳ್ಳಾಗಿರಲಿಲ್ಲ. ಅದಕ್ಕೇ ನೋವಾಯಿತು. ಆರು ಕಡೆ ಆಳಕ್ಕೆ ಕತ್ತರಿಸಿದೆ, ಪ್ರತಿ ಸಲವೂ ಹೊಸ ನೀರು, ಹೊಸ ಕಾಗದ. ಆರರಲ್ಲೂ ಬರೀ ಮಚ್ಚೆ. ಅವರು ನೋಡಿದರು. "ನಾನು ಹೇಳಲಿಲ್ವಾ, ಮುಗಿದುಹೋಗಿದೆ ಅಂತ," ಎಂದರು, ಚೀಲ ತೆಗೆದುಕೊಂಡು ಮನೆಗೆ ಹೊರಟರು.

ಮನೆಗೆ ಹೋಗಿ ಅಡುಗೆಮನೆಯ ಮೆಟ್ಟಿಲ ಮೇಲೆ ಚಪ್ಪಲಿಯನ್ನೂ ಬಿಡದೆ ಕೂತೆ. ಯಜಮಾನರು ತರಕಾರಿ ಹೆಚ್ಚುತ್ತಿದ್ದರು, ಒಂದೊಂದು ಹೋಳೂ ಅಳತೆ ಕಡ್ಡಿ ಇಟ್ಟು ಕತ್ತರಿಸಿದ ಹಾಗೆ.

"ರೀ, ನಾನೊಂದು ತಪ್ಪು ಮಾಡಿದೀನಿ."

"ಎಷ್ಟು ದೊಡ್ಡದು? ಭಾಗಿಸ್ಲಾ?"

"ಭಾಗಿಸಬೇಡಿ," ಎಂದೆ.

ಅವರು ಚಾಕು ಕೆಳಗಿಟ್ಟರು. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು. ಕತೆಯೆಲ್ಲ ಕೇಳಿ, ಕೈ ತೊಳೆದು, ನನ್ನ ಪಕ್ಕದಲ್ಲಿ ಕೂತರು.

"ಲಾರಿ ಡ್ರೈವರುಗಳು ದಿನಾ ನನ್ನ ಹತ್ರ ಜಗಳ ಆಡ್ತಾರೆ," ಎಂದರು. "ಒಬ್ಬ ಆಣೆ ಇಡ್ತಾನೆ, ಒಬ್ಬ ಅಳ್ತಾನೆ. ನಾನು ಒಂದು ಮಾತೂ ಆಡಲ್ಲ. ತೂಕದ ಮುಳ್ಳಿನ ಕಡೆ ಬೆರಳು ತೋರಿಸ್ತೀನಿ ಅಷ್ಟೆ. ಲಾರೀನೇ ಹೇಳ್ಬೇಕು, ನಾನಲ್ಲ. ನಿನ್ನ ಮಾತನ್ನ ಯಾರೂ ನಂಬಲ್ಲ ಕಣೇ. ನಾನೂ ನಂಬಲ್ಲ, ಬೇಜಾರು ಮಾಡ್ಕೋಬೇಡ. ಮಾತಾಡದೆ ತೋರಿಸೋಕಾಗುತ್ತಾ ನೋಡು."

"ಮಾತಾಡದೆ? ನಾನಾ?"

"ಒಂದು ಬೆಳಿಗ್ಗೆ ಮಾತ್ರ."

ಇಡೀ ಆಯುಷ್ಯದಲ್ಲಿ ನನ್ನ ಮೈಮೇಲೆ ಬಿದ್ದ ಅತಿ ಭಾರದ ಕೆಲಸ ಇದು. ಆಗಲಿ, ಮೌನದಲ್ಲೂ ನನ್ನ ಸಮ ಯಾರೂ ಇಲ್ಲ ಎಂದು ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ.

ಬೆಳಿಗ್ಗೆ ಏಳಕ್ಕೇ ಲ್ಯಾಬಿಗೆ ಹೋದೆ. ಕ್ಯಾಮೆರಾ ಇರುವ ಮೈಕ್ರೋಸ್ಕೋಪಿನಲ್ಲಿ ತಾತನ ಸ್ಲೈಡಿನ ಹರುಕನ್ನು ಹಿಡಿದೆ. ಕ್ರೇನಮ್ಮನ ಸ್ಲೈಡಿನ ಮೇಲೆ ಕೂತ ಚೂರನ್ನು ಅಷ್ಟೇ ಪಟ್ಟು ಹಿಗ್ಗಿಸಿ ಹಿಡಿದೆ. ಎರಡನ್ನೂ ದೊಡ್ಡ ಕಾಗದದ ಮೇಲೆ ಮುದ್ರಿಸಿದೆ. ಕತ್ತರಿ ತೆಗೆದುಕೊಂಡು ಚೂರಿನ ಅಂಚನ್ನೇ ಹಿಡಿದು ಸುತ್ತಲೂ ಕತ್ತರಿಸಿದೆ. ಕತ್ತರಿಸುವುದೊಂದು ನನಗೆ ಬರುತ್ತದೆ, ಅದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಒಂಬತ್ತಕ್ಕೆ ದೊಡ್ಡ ಡಾಕ್ಟರು ಬಂದರು. ನಾನು ಎದ್ದು ನಿಂತೆ, ನಮಸ್ಕಾರ ಮಾಡಿದೆ, ಬಾಯಿ ಬಿಡಲಿಲ್ಲ.

"ಏನಮ್ಮಾ, ನೆನ್ನೆ ಬೆಟ್ಟ ಎಲ್ಲಿಗೆ ಹೋಯ್ತು?"

ಸುಮ್ಮನಿದ್ದೆ.

"ಕೋಪಾನಾ?"

ತಲೆ ಅಲ್ಲಾಡಿಸಿದೆ.

"ಗಂಟಲು ನೋವಾ?"

ಮತ್ತೆ ತಲೆ ಅಲ್ಲಾಡಿಸಿದೆ. ಅವರ ಮುಖದ ಬಣ್ಣ ಸ್ವಲ್ಪ ಬದಲಾಯಿತು. "ಚಿಕ್ಕಮ್ಮಾ, ಇವರಿಗೆ ಏನಾಗಿದೆ?"

"ನನಗೇನು ಗೊತ್ತು ಸ್ವಾಮಿ. ಬೆಳಿಗ್ಗೆಯಿಂದ ಒಂದು ಮಾತಿಲ್ಲ. ನಂಗೂ ಹೆದರಿಕೆ ಆಗ್ತಿದೆ. ಮೇಲಿಂದ ಯಾರಾದ್ರೂ ಡಾಕ್ಟ್ರನ್ನ ಕರೀರಿ."

ನಾನು ಅವರ ಮೇಜಿನ ಮೇಲೆ ತಾತನ ಹರುಕಿನ ಚಿತ್ರ ಇಟ್ಟೆ. ಅದರ ಪಕ್ಕದಲ್ಲಿ ಕತ್ತರಿಸಿದ ಚೂರು ಇಟ್ಟೆ. ಎರಡು ಸ್ಲೈಡುಗಳನ್ನು ಇಟ್ಟೆ, ಸಂಖ್ಯೆ ಮೇಲಿರುವ ಹಾಗೆ. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ನಾಲಿಗೆಯ ಮೇಲೆ ಸಾವಿರ ಮಾತುಗಳು ಕಿತ್ತಾಡುತ್ತಿದ್ದವು. ಕಚ್ಚಿಹಿಡಿದೆ. ಯಜಮಾನರ ಹಾಗೆ ಬೆರಳು ಮಾತ್ರ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. ಕಾಗದದ ಚೂರನ್ನು ಎರಡು ಬೆರಳಲ್ಲಿ ಎತ್ತಿ ಹರುಕಿನ ಮೇಲಿಟ್ಟರು. ಸ್ವಲ್ಪ ತಿರುಗಿಸಿದರು. ಅದು ಕೂತಿತು. ಹರಿದ ಪತ್ರದ ಎರಡು ಭಾಗ ಕೂಡಿದ ಹಾಗೆ, ಮೂರು ಕೊಕ್ಕೆ, ಒಂದು ತಗ್ಗು, ಎಲ್ಲವೂ. ಒಂದು ದೊಡ್ಡ ಕೋಶವಂತೂ ಅರ್ಧ ತಾತನ ಕಡೆ, ಅರ್ಧ ಚೂರಿನ ಕಡೆ ಇತ್ತು. ಎರಡು ಅರ್ಧಗಳೂ ಸೇರಿ ಒಂದು ದುಂಡಾಯಿತು.

ಅವರು ಸ್ಲೈಡುಗಳನ್ನು ಮೈಕ್ರೋಸ್ಕೋಪಿಗಿಟ್ಟು ತಾವೇ ಇನ್ನೊಮ್ಮೆ ನೋಡಿದರು. ಮುಂದಕ್ಕೆ ಗಾಲಿ, ಹಿಂದಕ್ಕೆ ಗಾಲಿ. ನನಗೆ ಕ್ರೇನಮ್ಮನ ಬೆರಳುಗಳು ನೆನಪಾದವು. ಆಮೇಲೆ ನಿನ್ನೆ ಕತ್ತರಿಸಿದ ಆರು ಆಳದ ಸ್ಲೈಡುಗಳನ್ನೂ ಒಂದೊಂದಾಗಿ ಓದಿದರು. ಗಡಿಯಾರದಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಫೋನ್ ಎತ್ತಿ ಮೇಲಿನ ಆಪರೇಷನ್ ಕೋಣೆಗೆ, "ಹನ್ನೊಂದರ ಕಣ್ಣು ಮುಟ್ಟಬೇಡಿ. ಕ್ಯಾನ್ಸರಿಲ್ಲ. ನಾನೇ ಬಂದು ಹೇಳ್ತೀನಿ," ಎಂದರು.

ಎದೆಯ ಮೇಲಿದ್ದ ನಲವತ್ತು ಟನ್ನು ಇಳಿಯಿತು. ಬಾಯಿ ತೆರೆಯಲು ಹೊರಟೆ. ಅಷ್ಟರಲ್ಲಿ ಅವರು ಮೆಲ್ಲಗೆ ಹೇಳಿದರು.

"ವರದಿ ಬದಲಾಯಿಸ್ತೀನಿ. ಮರುಪರಿಶೀಲನೆ ಮಾಡಿದಾಗ ಅಂತ ಬರೀತೀನಿ. ಅಷ್ಟು ಸಾಕು. ಆ ಪುಸ್ತಕದ ವಿಷಯ ಬೇಡ."

"ಬೇಕು ಸರ್."

"ಏನು?"

"ಪುಸ್ತಕದಲ್ಲಿ ಬರೀಬೇಕು. ಇದು ನನ್ನ ತಪ್ಪು. ಇಷ್ಟು ದೊಡ್ಡ ತಪ್ಪನ್ನ ಈ ಆಸ್ಪತ್ರೇಲಿ ನನ್ನ ಬಿಟ್ರೆ ಯಾರೂ ಮಾಡೋಕಾಗಲ್ಲ. ಅದನ್ನ ನಿಮ್ಮ ಮರುಪರಿಶೀಲನೆ ಒಳಗೆ ಮುಚ್ಚಿಡೋಕೆ ನಾನು ಬಿಡಲ್ಲ."

"ಅಮ್ಮಾ, ಕೂಗಬೇಡಿ. ಕಣ್ಣು ಉಳೀತಲ್ಲ, ಇನ್ನೇನು?"

"ಅವತ್ತು ಆ ನೀರಲ್ಲಿ ಇನ್ನೂ ಒಂಬತ್ತು ಜನರ ಪದರ ತೇಲಿದೆ ಸರ್. ತಾತನ ಇನ್ನೊಂದು ಚೂರು ಯಾರ ಮೇಲೆ ಕೂತಿದೆಯೋ! ಪುಸ್ತಕದಲ್ಲಿ ಬರೆದ್ರೆ ಒಂಬತ್ತನ್ನೂ ನೋಡಲೇಬೇಕು, ಅದು ನಿಯಮ. ಬರೀದಿದ್ರೆ ಯಾರೂ ನೋಡಲ್ಲ."

"ನಿಮಗೆ ಶಿಕ್ಷೆ ಆಗುತ್ತೆ, ಗೊತ್ತಾ? ನಾನೇ ಕೊಡಬೇಕಾಗುತ್ತೆ."

"ಕೊಡಿ ಸರ್. ಯಾರಿಗೂ ಕೊಡದೇ ಇರೋ ಅಂಥದ್ದನ್ನ ಕೊಡಿ."

ಕಪಾಟಿನ ಬೀಗದ ಕೈ ಅವರ ಜೇಬಿನಲ್ಲಿತ್ತು. ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡರು. ನಾನು ಕಪಾಟಿನ ಮುಂದೆ ನಿಂತೆ. ಚಿಕ್ಕಮ್ಮ ಕೈಯಲ್ಲಿದ್ದ ಗಾಜಿನ ಬೀಕರು ಒರೆಸುತ್ತ ಬಂದು ನನ್ನ ಪಕ್ಕದಲ್ಲಿ ನಿಂತಳು. "ಕಾಗದ ಬುಟ್ಟಿಗೆ ಹಾಕಿದ್ದು ನಾನೂ ನೋಡಿದೀನಿ ಸ್ವಾಮಿ. ನನ್ನ ಹೆಸರೂ ಬರೀಲಿ. ಈ ಮೂವತ್ತು ವರ್ಷದಲ್ಲಿ ನನ್ನ ಹೆಸರನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ."

ದೊಡ್ಡ ಡಾಕ್ಟರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು. ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿ ನಿಂತರು. ಕಿಟಕಿಯಾಚೆ ನೆಲಮಾಳಿಗೆಯ ಗೋಡೆ ಬಿಟ್ಟರೆ ಏನಿತ್ತು ನೋಡುವುದಕ್ಕೆ.

ಪ್ಲಾಸ್ಟಿಕ್ ಹೊದಿಕೆ ತೆಗೆದೆ. ಮೊದಲ ಹಾಳೆ ಎಷ್ಟು ಬಿಳಿ ಇತ್ತೆಂದರೆ, ಕಣ್ಣು ಕೋರೈಸಿತು ಎನ್ನೋಣವೆಂದಿದ್ದೆ. ಇಲ್ಲ. ಬಿಳಿ ಇತ್ತು, ಅಷ್ಟೆ. ಬರೆದೆ. ಗುರುವಾರ, ಬೆಳಿಗ್ಗೆ ಒಂಬತ್ತೂಮುಕ್ಕಾಲು. ಒಬ್ಬರ ಪದರಗಳು ಮುಗಿದ ಮೇಲೆ ನೀರಿನ ಮೇಲೆ ಕಾಗದ ಎಳೆಯಲಿಲ್ಲ. ಒಂದು ಚೂರು ಮುಂದಿನ ಸ್ಲೈಡಿಗೆ ಅಂಟಿತು. ಚೂರಿನ ಅಗಲ ಸೊನ್ನೆ ದಶಾಂಶ ಮೂರು ಮಿಲಿಮೀಟರು. ಕಾರಣ: ಮಾತಾಡುತ್ತಿದ್ದೆ. ಕಂಡುಹಿಡಿದವರು: ರೋಗಿ. ಸಾಕ್ಷಿ: ಚಿಕ್ಕಮ್ಮ. ಕೆಳಗೆ ಸಹಿ ಹಾಕಿದೆ. ಸಹಿ ಮಾತ್ರ ಸ್ವಲ್ಪ ದೊಡ್ಡದಾಯಿತು, ಮೂರು ಸಾಲು ಹಿಡಿಯಿತು.

ದೊಡ್ಡ ಡಾಕ್ಟರು ಬಂದು ಓದಿದರು. "ಸೊನ್ನೆ ದಶಾಂಶ ಮೂರು," ಎಂದು ಗಟ್ಟಿಯಾಗಿ ಹೇಳಿ, ಮೈಕ್ರೋಸ್ಕೋಪಿನ ಅಳತೆಪಟ್ಟಿ ಇರುವ ಮಸೂರದಿಂದ ತಾವೇ ಅಳೆದು ನೋಡಿದರು. ಸರಿಯಿತ್ತು. ನನ್ನ ಸಹಿಯ ಕೆಳಗೆ ಮತ್ತೊಂದು ಸಾಲು ಬರೆದರು: ಓದುವಾಗ ನಾನೂ ಗಮನಿಸಲಿಲ್ಲ. ತಮ್ಮ ಸಹಿ ಹಾಕಿ, ಕ್ರೇನಮ್ಮನಿಗೆ ಹೇಳಲು ಮೇಲಕ್ಕೆ ಹೋದರು, ಲಿಫ್ಟಿಗೆ ಕಾಯದೆ, ಮೆಟ್ಟಿಲು ಹತ್ತಿಕೊಂಡು.

ಒಂಬತ್ತು ಜನರ ಸ್ಲೈಡುಗಳನ್ನೂ ಅವತ್ತೇ ನೋಡಿದೆವು. ಯಾವುದರ ಮೇಲೂ ತಾತನ ಚೂರಿರಲಿಲ್ಲ. ನನಗೆ ಮೂರು ತಿಂಗಳು ಯಂತ್ರ ಮುಟ್ಟಬಾರದು, ಚಿಕ್ಕಮ್ಮನ ಜತೆ ಗಾಜು ತೊಳೆಯಬೇಕು ಎಂಬ ಶಿಕ್ಷೆಯಾಯಿತು. ತೊಳೆದೆ. ನಾನು ತೊಳೆದ ಬೀಕರುಗಳು ಎಷ್ಟು ನಿಚ್ಚಳವಾಗಿದ್ದವೆಂದರೆ, ಮೇಜಿನ ಮೇಲಿದ್ದರೂ ಇಲ್ಲವೆಂದು ಜನ ಹುಡುಕುತ್ತಿದ್ದರು. ಕ್ರೇನಮ್ಮನ ಗಂಟನ್ನು ಕಣ್ಣಿಗೆ ಧಕ್ಕೆಯಾಗದಂತೆ ಬಿಡಿಸಿ ತೆಗೆದರು. ಅದು ಲಿಫ್ಟಿನಲ್ಲಿ ಕೆಳಗೆ ಬಂದಾಗ ನನ್ನ ಬದಲಿಗೆ ಕೂತಿದ್ದ ಹುಡುಗಿ ಕತ್ತರಿಸಿದಳು. ನಾನು ತೊಟ್ಟಿಯ ಹತ್ತಿರ ಸೋಪಿನ ಕೈಯಲ್ಲಿ ನಿಂತು, "ಕಾಗದ ಎಳಿ, ಕಾಗದ ಎಳಿ," ಎಂದು ಕೂಗುತ್ತಿದ್ದೆ. ಅವಳು ಎಳೆದಳು. ಬರೀ ಮಚ್ಚೆ.

ಐದು ತಿಂಗಳ ಮೇಲೆ ಕ್ರೇನಮ್ಮ ಕಣ್ಣಿನ ಪರೀಕ್ಷೆ ಪಾಸಾಗಿ ಕ್ಯಾಬಿನ್ ಹತ್ತಿದಳು. ನಮ್ಮಿಬ್ಬರನ್ನೂ ಬಂದರಿಗೆ ಕರೆದಳು. ನಾನು ಮತ್ತು ಯಜಮಾನರು ತಲೆಗೆ ಹಳದಿ ಟೊಪ್ಪಿ ಹಾಕಿಕೊಂಡು ದೂರದಲ್ಲಿ ನಿಂತೆವು. ನೆಲದ ಮೇಲೆ ಸುಣ್ಣದ ಗೆರೆ. ಆಕಾಶದಿಂದ ಖಾಲಿ ಕಂಟೇನರು ಇಳಿದು ಬಂತು, ಹಕ್ಕಿ ಗೂಡಿಗೆ ಇಳಿಯುವ ಹಾಗೆ, ಸದ್ದಿಲ್ಲದೆ. ಕೂತಿತು. ಮೇಲಿನಿಂದ ಅವಳ ದನಿ ಮೈಕಿನಲ್ಲಿ ಗುಡುಗಿತು.

"ಅಕ್ಕಾ! ಗೆರೆಯಿಂದ ಎಷ್ಟು?"

ಯಜಮಾನರು ಆಗಲೇ ಜೇಬಿನಿಂದ ಟೇಪು ತೆಗೆದು ಮೊಣಕಾಲೂರಿ ಅಳೆಯುತ್ತಿದ್ದರು. "ಮೂರು ಮಿಲಿಮೀಟರು ಆಚೆ," ಎಂದರು.

"ಗೆರೆ ಮೇಲೇ ಕೂತಿದೆ ಕಣೇ!" ಎಂದು ನಾನು ಮೇಲಕ್ಕೆ ಕೂಗಿದೆ. "ಒಂದು ಕೂದಲೂ ಆಚೀಚೆ ಇಲ್ಲ!"

"ಮೂರು," ಎಂದರು ಯಜಮಾನರು.

"ಹತ್ತರಿಂದ ಭಾಗಿಸಿ ರೀ."

ಅವರು ತುಟಿಯಲ್ಲೇ ಲೆಕ್ಕ ಹಾಕಿದರು. ಸೊನ್ನೆ ದಶಾಂಶ ಮೂರು ಎಂಬ ಉತ್ತರ ಬಂದಾಗ ತಲೆ ಎತ್ತಿ ನನ್ನನ್ನು ನೋಡಿ, ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ಎರಡೂ ಕೈ ಬಾಯಿಯ ಸುತ್ತ ಹಿಡಿದು, ನಮ್ಮ ಮದುವೆಯಾದಾಗಿನಿಂದ ನಾನು ಕೇಳದಷ್ಟು ದೊಡ್ಡ ದನಿಯಲ್ಲಿ ಕ್ಯಾಬಿನ್ನಿನ ಕಡೆ ಕೂಗಿದರು.

"ಗೆರೆ ಮೇಲೇ ಇದೆಯಮ್ಮಾ!"